ಕ್ಷಯರೋಗವೂ ಅಡಿಗೆಯ ಮನೆಯೂ

ಬೆಂಗಳೂರು ದಂಡಿನ ಭಾಗದಲ್ಲಿರುವ ಬೆನ್ಸನ್ ಟೌನನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ದಂಡು ರೈಲ್ವೆ ನಿಲ್ದಾಣಕ್ಕೆ ಸಮೀಪವಾಗಿ, ಮಿಲ್ಲರ್ಸ್ ರಸ್ತೆ ನಂದಿದುರ್ಗ ರಸ್ತೆಗಳ ಮಗ್ಗುಲಲ್ಲಿರುವ ಬಡಾವಣೆ ಅದು. ಅಲ್ಲಿಂದ ಪಶ್ಚಿಮಾಭಿಮುಖವಾಗಿ ಹೊರಟು, ಜಯಮಹಲನ್ನೂ ಅರಮನೆಯ ಮೈದಾನವನ್ನೂ ಹಿಂದೆ ಹಾಕಿದರೆ, ಬಳ್ಳಾರಿ ರಸ್ತೆಯಲ್ಲಿ ‘ಅವಲಾನ್’ ಎಂಬ ಹಳೆಯ ಭವನವೊಂದು ಸಿಕ್ಕುವುದು. ಒಂದು ಕಾಲಕ್ಕೆ ಮೈಸೂರು ರಾಜವಂಶಕ್ಕೆ ಸೇರಿದ್ದ ಈ ಭವನದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ನೆಲೆಗೊಂಡಿದೆ. 1959ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯನ್ನು 1960ರಲ್ಲಿ ಪ್ರಧಾನಮಂತ್ರಿ ಜವಾಹರಲಾಲ ನೆಹರೂ ಅವರು ವಿಧ್ಯುಕ್ತವಾಗಿ ಉದ್ಘಾಟಿಸಿದರು. ದಿನವೂ ಸಾವಿರಾರು ವಾಹನಗಳು ಆ ಹೆಬ್ಬಾಗಿಲ ಮುಂದೆ ಹಾದುಹೋಗುತ್ತವೆ. ಒಳಗೆ ನಡೆದಿರುವ ಕೆಲಸವೇನೆಂಬುದನ್ನು ಬಲ್ಲವರು ಮಾತ್ರ ವಿರಳ.

ಕ್ಷಯವೆಂಬ ಹೆಸರನ್ನು ಕೇಳಿದೊಡನೆ ನಮ್ಮ ಹಿರಿಯರ ಎದೆಯು ನಡುಗುತ್ತಿದ್ದಿತು. ಅದು ವಂಶಕ್ಕೆ ಅಂಟಿದ ಶಾಪವೆಂದರು ಕೆಲವರು; ಪೂರ್ವಾರ್ಜಿತ ಕರ್ಮವೆಂದರು ಕೆಲವರು. 1882ನೆಯ ಇಸವಿ ಮಾರ್ಚ್ 24ರಂದು ಬರ್ಲಿನ್ ನಗರದಲ್ಲಿ ರಾಬರ್ಟ್ ಕಾಖ್ ಎಂಬ ಪಂಡಿತರು ಈ ರೋಗಕ್ಕೆ ಕಾರಣ ಒಂದು ಸೂಕ್ಷ್ಮಜೀವಿಯೆಂದು ಸಾಧಿಸಿ ತೋರಿಸಿದರು. ಶಾಪದ ಮಾತು ಅಂದಿಗೇ ಮುಗಿಯಬೇಕಾಗಿದ್ದಿತು. ಆದರೆ ಇಂದಿಗೂ ಈ ರೋಗದ ಹೆಸರನ್ನು ಪಿಸುಮಾತಿನಲ್ಲಿ ಆಡುವ ಮನೆಗಳುಂಟು. ಸಂಬಂಧ ಕೂಡಿಬಂದ ಮನೆಯವರಿಗೆ ಗೊತ್ತಾದೀತೆಂಬ ಅಂಜಿಕೆಯಿಂದ ಮಗಳ ಕೆಮ್ಮನ್ನು ಮುಚ್ಚಿಡುವ ತಾಯಂದಿರುಂಟು. ರೋಗವೋ ಎಂದರೆ ಹಳೆಯದಾಗಿ ಹೋದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 8 ಲಕ್ಷ ಜನರು ಹೊಸದಾಗಿ ಇದಕ್ಕೆ ಗುರಿಯಾದರು. ಅವರಲ್ಲಿ ನಾಲ್ಕನೆಯ ಒಂದು ಪಾಲಿಗಿಂತಲೂ ಹೆಚ್ಚು ಮಂದಿ ಭಾರತದವರು. ಆದುದರಿಂದ ಈ ವಿಷಯದಲ್ಲಿ ಸಂಶೋಧಕರು ಕಂಡುಕೊಂಡಿರುವ ಕೆಲವು ಸಂಗತಿಗಳನ್ನು, ಅದರಲ್ಲಿಯೂ ಕನ್ನಡನಾಡಿಗೆ ಸಂಬಂಧಪಟ್ಟವುಗಳನ್ನು, ನಮ್ಮ ಗೃಹಿಣಿಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲನೆಯ ಸಂಗತಿಯು ಈ ಬಳ್ಳಾರಿ ರಸ್ತೆಯ ಸಂಸ್ಥೆಯದೇ. ನಮ್ಮ ಹಳ್ಳಿಗರು ಅಜ್ಞಾನಿಗಳು, ರೋಗ ಬಂದರೂ ಅರಿಯರು, ಅರಿತರೂ ಆಸ್ಪತ್ರೆಯ ಮೆಟ್ಟಿಲು ಹತ್ತರು ಎಂಬುದು ವಿದ್ಯಾವಂತರ ಸಾಮಾನ್ಯವಾದ ನಂಬಿಕೆ. ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ಇಬ್ಬರು ವಿದ್ವಾಂಸರು ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ತುಮಕೂರು ಜಿಲ್ಲೆಯ ಊರುಗಳಲ್ಲಿ ಕ್ಷಯದ ಲಕ್ಷಣ ಕಂಡುಬಂದಿದ್ದವರ ಬಳಿಗೆ ಹೋಗಿ, ‘ನಿಮಗೆ ಏನು ತೊಂದರೆ? ಅದಕ್ಕೆ ನೀವು ಏನು ಮಾಡಿದಿರಿ?’ ಎಂದು ವಿಚಾರಿಸಲಾಯಿತು. 1963ರಲ್ಲಿ ಪ್ರಕಟವಾದ ಅದರ ಫಲವು ಎಲ್ಲರನ್ನೂ ಚಕಿತಗೊಳಿಸಿತು. ಬಹುಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವು ಚೆನ್ನಾಗಿಯೇ ಇದ್ದಿತು. ಅರ್ಧದಷ್ಟು ಜನರು ಚಿಕಿತ್ಸೆಯನ್ನು ಅರಸಿಕೊಂಡು ಆಗಲೇ ಹೋಗಿಬಂದಿದ್ದರು. ಹೋದವರಿಗೆ ದೊರೆತದ್ದೇನು? ಕೆಮ್ಮಿನ ಔಷಧದ ಒಂದು ಸೀಸೆ! ರೋಗಿಯು ವೈದ್ಯನ ಬಾಗಿಲಿಗೆ ಬಂದಿದ್ದನು. ವೈದ್ಯನೇ ರೋಗವನ್ನು ಹುಡುಕಿರಲಿಲ್ಲ.

ಈ ಬಗೆಯ ಶೋಧನೆಗಳ ತಳಹದಿಯ ಮೇಲೆಯೇ 1962ರಲ್ಲಿ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮವು ರೂಪುಗೊಂಡಿತು. ಕ್ಷಯಕ್ಕೆಂದು ಬೇರೆ ಆಸ್ಪತ್ರೆಗಳನ್ನು ಕಟ್ಟಿ ರೋಗಿಗಳು ಬರಲೆಂದು ಕಾಯುವುದಕ್ಕಿಂತ, ಜನರು ಸಹಜವಾಗಿ ಹೋಗುವ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಕಫವನ್ನು ಪರೀಕ್ಷಿಸಿ ಔಷಧ ಕೊಡಬೇಕೆಂಬುದೇ ಅದರ ತಿರುಳು. ಆದರೂ ಕೆಮ್ಮಿನ ಸೀಸೆಯ ಕಾಲವು ಪೂರ್ತಿಯಾಗಿ ಕಳೆದಿಲ್ಲವೆಂಬುದನ್ನು ನಾವು ಮರೆಯಲಾಗದು. ಔಷಧದ ಅಂಗಡಿಯಿಂದ ಎರಡು ಮೂರು ಸೀಸೆಗಳನ್ನು ತಂದು ಕುಡಿದು ತಿಂಗಳುಗಳನ್ನು ಕಳೆಯುವವರು ಪಟ್ಟಣಗಳಲ್ಲಿಯೂ ಇದ್ದಾರೆ.

ಎರಡನೆಯ ಸಂಗತಿಯು ಮದರಾಸಿನದು. ಆ ಕಾಲದಲ್ಲಿ ಕ್ಷಯರೋಗಿಗೆ ಆರೋಗ್ಯಧಾಮವೇ ಗತಿಯೆಂದು ತಿಳಿದಿದ್ದರು. ಊರಿಂದ ದೂರವಾದ ತಾಣ, ಒಳ್ಳೆಯ ಗಾಳಿ, ಹಾಸಿಗೆಯ ಮೇಲೆ ವಿಶ್ರಾಂತಿ, ಹಾಲು ಮೊಟ್ಟೆಗಳ ಊಟ: ಇವೆಲ್ಲ ಇರಬೇಕು, ವರ್ಷಗಟ್ಟಲೆ ಹೆಂಡಿರು ಮಕ್ಕಳನ್ನು ಬಿಟ್ಟಿರಬೇಕು. 1956ರಲ್ಲಿ ಆರಂಭವಾದ ಮದರಾಸಿನ ಚಿಕಿತ್ಸಾಕೇಂದ್ರವು ರೋಗಿಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡವನ್ನು ಆರೋಗ್ಯಧಾಮದಲ್ಲಿಯೂ ಇನ್ನೊಂದನ್ನು ಅವರವರ ಇಕ್ಕಟ್ಟಾದ ಬಡಮನೆಗಳಲ್ಲಿಯೂ ಇರಿಸಿ, ಇಬ್ಬರಿಗೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟು ನೋಡಿತು. ಆರೋಗ್ಯಧಾಮದವರು ಹೆಚ್ಚು ತೂಕ ಪಡೆದರು, ನಿಜ. ಆದರೆ ಗುಣಹೊಂದುವುದರಲ್ಲಿ ಎರಡು ಪಂಗಡಗಳಿಗೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಮನೆಯಲ್ಲಿಯೇ ಉಳಿದ ರೋಗಿಯಿಂದ ಮನೆಯವರಿಗೆ ರೋಗವು ಹೆಚ್ಚಾಗಿ ಹರಡಲೂ ಇಲ್ಲ. 1959ರಲ್ಲಿ ಹೊರಬಿದ್ದ ಈ ವರದಿಯು ಇಡೀ ಜಗತ್ತಿನ ಕ್ಷಯಚಿಕಿತ್ಸೆಯ ರೀತಿಯನ್ನೇ ಬದಲಿಸಿತು. ರೋಗಿಯನ್ನು ಮನೆಯಿಂದ ಹೊರಗೆ ಹಾಕಬೇಕಾದ ಅಗತ್ಯವಿಲ್ಲವೆಂದು ಶಾಸ್ತ್ರವೇ ನುಡಿದಂತಾಯಿತು.

ಇಲ್ಲಿ ಒಂದು ಸೂಕ್ಷ್ಮವುಂಟು. ಆಹಾರ ಸಾಧಾರಣವಾಗಿದ್ದರೂ ಔಷಧವು ಗುಣಪಡಿಸುವುದೆಂದು ತಿಳಿದಮೇಲೆ, ಆಹಾರದ ಮಾತೇ ಹಿಂದಕ್ಕೆ ಸರಿಯಿತು. ಮಾತ್ರೆ ಕೊಟ್ಟರೆ ಸಾಕೆಂಬ ಭಾವನೆಯು ಬೇರೂರಿತು. ಅರ್ಧ ಶತಮಾನಕ್ಕೂ ಮಿಕ್ಕಿ ಹೀಗೆ ನಡೆದಮೇಲೆ ಆಹಾರದ ಪ್ರಶ್ನೆಯನ್ನು ಮತ್ತೆ ಎತ್ತಿದವರಲ್ಲಿ ನಮ್ಮ ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾಕ್ಟರ್ ಅನುರಾಗ ಭಾರ್ಗವ ಮತ್ತು ಡಾಕ್ಟರ್ ಮಾಧವಿ ಭಾರ್ಗವ ಅವರು ಮುಖ್ಯರು. ಮದರಾಸಿನ ಅದೇ ಸಂಸ್ಥೆಯು, ಈಗ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆಯೆಂಬ ಹೆಸರಿನಿಂದ, ಈ ಕಾರ್ಯದಲ್ಲಿ ಅವರೊಡನೆ ಕೈಗೂಡಿಸಿತು.

ಅವರು ಆರಿಸಿಕೊಂಡದ್ದು ಝಾರ್ಖಂಡದ ನಾಲ್ಕು ಜಿಲ್ಲೆಗಳನ್ನು. 2019ರಿಂದ 2022ರವರೆಗೆ 2,800 ರೋಗಿಗಳನ್ನೂ, ಅವರೊಡನೆ ಒಂದೇ ಸೂರಿನ ಕೆಳಗಿದ್ದ 10,345 ಮಂದಿ ಮನೆಯವರನ್ನೂ ಗಮನಿಸಲಾಯಿತು. ರೋಗಿಗಳಲ್ಲಿ ಐವರಲ್ಲಿ ನಾಲ್ವರು ಇರಬೇಕಾದ ತೂಕಕ್ಕಿಂತ ಕಡಮೆಯಿದ್ದರು. ಎಲ್ಲ ರೋಗಿಗಳಿಗೂ ಔಷಧದೊಡನೆ ಆಹಾರಸಾಮಗ್ರಿಯನ್ನು ಒದಗಿಸಲಾಯಿತು. ಮನೆಯವರಲ್ಲಿ ಮಾತ್ರ ಒಂದು ಪಂಗಡಕ್ಕೆ ಆಹಾರ ಕೊಟ್ಟು, ಇನ್ನೊಂದು ಪಂಗಡವು ಎಂದಿನಂತೆ ಇರಲೆಂದು ಏರ್ಪಡಿಸಿದರು. ಕೊಟ್ಟದ್ದಾದರೂ ಏನು? ಪ್ರಾಯದವರೊಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ತ್ವಗಳ ಗುಳಿಗೆ. ಅಂದರೆ ದಿನಕ್ಕೆ ಸುಮಾರು 750 ಕ್ಯಾಲರಿ ಮತ್ತು 23 ಗ್ರಾಂ ಸಸಾರಜನಕ ಅಧಿಕವಾಗಿ ದೊರೆತಂತೆ. ಯಾವ ನಾಡಿನಿಂದಲೂ ತರಿಸಬೇಕಾದ ದಿವ್ಯೌಷಧವಲ್ಲ. ನಮ್ಮ ಅಡಿಗೆಯ ಮನೆಯ ಡಬ್ಬಿಗಳಲ್ಲಿರುವ ಪದಾರ್ಥ.

ಈ ಪರಿಶೋಧನೆಯ ಫಲವು 2023ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸೆಟ್ ಮತ್ತು ಅದರ ಸೋದರ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ನೂರಕ್ಕೆ 39ರಷ್ಟು ಕಡಮೆಯಾಯಿತು. ಅದರಲ್ಲಿಯೂ ಇತರರಿಗೆ ಹರಡಬಲ್ಲ, ಪರೀಕ್ಷೆಯಿಂದ ದೃಢಪಟ್ಟ ಶ್ವಾಸಕೋಶದ ಕ್ಷಯವು ನೂರಕ್ಕೆ 48ರಷ್ಟು ತಗ್ಗಿತು. 30 ಮನೆಗಳಿಗೆ ಆಹಾರವನ್ನಿತ್ತರೆ ಒಬ್ಬರನ್ನು ಕ್ಷಯದಿಂದ ಉಳಿಸಬಹುದೆಂದು ಅವರು ಲೆಕ್ಕ ಹಾಕಿದ್ದಾರೆ. ರೋಗಿಗಳ ವಿಷಯದಲ್ಲಿಯೂ ಮನನೀಯವಾದ ಅಂಶವೊಂದು ಹೊರಪಟ್ಟಿತು. ಚಿಕಿತ್ಸೆಯ ಮೊದಲ ಎರಡು ತಿಂಗಳಲ್ಲಿ ತೂಕವು ನೂರಕ್ಕೆ ಐದರಷ್ಟು ಏರಿದವರಲ್ಲಿ ಮರಣದ ಅಪಾಯವು ನೂರಕ್ಕೆ 61ರಷ್ಟು ಇಳಿದಿದ್ದಿತು. 40 ಕಿಲೋ ತೂಗುವವನಿಗೆ ಅದು ಎರಡೇ ಕಿಲೋ!

ಇದು ಹೇಗಾಗುತ್ತದೆ? ಕ್ಷಯದ ಕ್ರಿಮಿಯು ರೋಗಿಯ ಕೆಮ್ಮಿನೊಡನೆ ಗಾಳಿಯಲ್ಲಿ ತೇಲಿ ಇನ್ನೊಬ್ಬರ ಶ್ವಾಸಕೋಶವನ್ನು ಸೇರುತ್ತದೆ. ಸೇರಿದ ಮಾತ್ರಕ್ಕೆ ರೋಗ ಬಂದಂತಲ್ಲ. ದೇಹದ ಕಾವಲುಕಣಗಳು ಅದನ್ನು ಸುತ್ತುಗಟ್ಟಿ, ಸಣ್ಣ ಗಂಟಿನೊಳಗೆ ಸೆರೆಯಲ್ಲಿಡುತ್ತವೆ. ಹೀಗೆ ಕ್ರಿಮಿಯನ್ನು ಹೊತ್ತಿರುವ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಮಾತ್ರ ಆಯುಷ್ಯದಲ್ಲಿ ಎಂದಾದರೂ ರೋಗವು ತಲೆಯೆತ್ತುತ್ತದೆ. ಕಾವಲುಗಾರನಿಗೇ ಹೊಟ್ಟೆಗಿಲ್ಲದಿದ್ದರೆ ಸೆರೆಮನೆಯ ಗೋಡೆ ನಿಂತೀತೆ? ಅರೆಹೊಟ್ಟೆಯು ಆ ಗೋಡೆಯನ್ನು ಸಡಿಲಿಸುತ್ತದೆ. ಮಧುಮೇಹವೂ ಸಡಿಲಿಸುತ್ತದೆ, ಅದುಳ್ಳವರಿಗೆ ಕ್ಷಯದ ಭಯವು ಎರಡು ಮೂರು ಪಾಲು ಹೆಚ್ಚು. ಆದುದರಿಂದ ಹಸಿವಿಲ್ಲದ ಸಿರಿವಂತರ ಮನೆಯೂ ನಿಶ್ಚಿಂತೆಯಿಂದಿರುವಂತಿಲ್ಲ.

ಇಷ್ಟರಿಂದ ಅನ್ನವೇ ಔಷಧ, ಮಾತ್ರೆ ಬೇಡವೆಂದು ಯಾರೂ ತಿಳಿಯಬಾರದು. ಆ ಪರಿಶೋಧನೆಯ ರೋಗಿಗಳೆಲ್ಲರೂ ಔಷಧವನ್ನು ಸೇವಿಸಿದವರೇ. ಸಾಮಾನ್ಯವಾದ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧ ನುಂಗಬೇಕು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟವರಲ್ಲಿ ಔಷಧಕ್ಕೂ ಜಗ್ಗದ ಕ್ರಿಮಿಗಳು ಬೆಳೆಯಬಹುದು. ಅಂಥ ಮೊಂಡು ಕ್ಷಯಕ್ಕೆ ಹಿಂದೆ ಒಂದೂವರೆ ಎರಡು ವರ್ಷಗಳ ಯಾತನಾಮಯ ಚಿಕಿತ್ಸೆ ಬೇಕಾಗಿದ್ದಿತು. ಈಗ ಬಾಯಿಂದ ನುಂಗುವ ನಾಲ್ಕು ಔಷಧಗಳ ಆರು ತಿಂಗಳ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿಯೂ ಭಾರತ ಸರ್ಕಾರವು 2024ರಲ್ಲಿಯೂ ಅಂಗೀಕರಿಸಿವೆ.

ರೋಗವನ್ನು ಗುರುತಿಸುವ ವಿದ್ಯೆಯಲ್ಲಿಯೂ ಬೆಂಗಳೂರು ಹಿಂದೆ ಬಿದ್ದಿಲ್ಲ. ಕಫದಲ್ಲಿರುವ ಕ್ರಿಮಿಯ ವಂಶವಾಹಿಯನ್ನೇ ಪತ್ತೆಮಾಡುವ ‘ಟ್ರೂನ್ಯಾಟ್’ ಎಂಬ ಯಂತ್ರವು ಇಲ್ಲಿಯ ಬಿಗ್‌ಟೆಕ್ ಪ್ರಯೋಗಶಾಲೆಯಲ್ಲಿ ಹುಟ್ಟಿತು. ಗೋವೆಯ ಮೋಲ್‌ಬಯೋ ಕಂಪೆನಿಯು ಅದನ್ನು ತಯಾರಿಸುತ್ತದೆ. ಬ್ಯಾಟರಿಯಿಂದ ನಡೆಯುವ ಈ ಪುಟ್ಟ ಯಂತ್ರವು ವಿದ್ಯುತ್ತು ಕೈಕೊಡುವ ಹಳ್ಳಿಯ ಆಸ್ಪತ್ರೆಯಲ್ಲಿಯೂ ಸುಮಾರು ಒಂದು ಗಂಟೆಯಲ್ಲಿ ಉತ್ತರ ಹೇಳಬಲ್ಲುದು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಇದನ್ನು ಮಾನ್ಯಮಾಡಿತು.

ಇನ್ನು ನಮ್ಮ ಗೃಹಿಣಿಯರು ಮಾಡಬೇಕಾದುದೇನು? ಎರಡು ವಾರಗಳನ್ನು ಮೀರಿದ ಕೆಮ್ಮು, ಸಂಜೆಯ ಹೊತ್ತಿಗೆ ಬರುವ ಜ್ವರ, ರಾತ್ರಿ ಬೆವರುವುದು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ: ಇವುಗಳಲ್ಲೊಂದು ಕಂಡರೂ ಕೆಮ್ಮಿನ ಸೀಸೆಗೆ ಕೈಚಾಚದೆ ಕಫದ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಸರ್ಕಾರದ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೂ ಔಷಧಕ್ಕೂ ಹಣ ತೆರಬೇಕಾಗಿಲ್ಲ. ರೋಗಿಯ ಆಹಾರಕ್ಕೆಂದು ಸರ್ಕಾರವು 2018ರಿಂದ ತಿಂಗಳಿಗೆ 500 ರೂಪಾಯಿಗಳನ್ನು ಕೊಡತೊಡಗಿ, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿತು. ಮನೆಯಲ್ಲೊಬ್ಬರಿಗೆ ರೋಗವಿದೆಯೆಂದು ತಿಳಿದರೆ ಉಳಿದವರೂ, ವಿಶೇಷವಾಗಿ ಮಕ್ಕಳು, ವೈದ್ಯರ ಮುಂದೆ ನಿಲ್ಲಬೇಕು. ರೋಗ ಬಾರದಂತೆ ತಡೆಯುವ ಔಷಧವೂ ಉಂಟು.

ರೋಗಿಗೆ ತಟ್ಟೆ ಲೋಟಗಳನ್ನು ಬೇರೆಯಿಟ್ಟು, ಬಾಗಿಲ ಸಂದಿಯಿಂದ ಊಟವನ್ನು ತಳ್ಳುವ ಪದ್ಧತಿಯು ಶಾಸ್ತ್ರಸಮ್ಮತವಲ್ಲ. ಈ ರೋಗವು ಗಾಳಿಯಿಂದ ಹರಡತಕ್ಕದ್ದು, ಪಾತ್ರೆಯಿಂದಲ್ಲ. ಕಿಟಕಿಯನ್ನು ತೆರೆದಿಡಿರಿ, ಬಿಸಿಲು ಒಳಗೆ ಬರಲಿ, ಕೆಮ್ಮುವಾಗ ಬಾಯಿಗೆ ಬಟ್ಟೆಯಿರಲಿ. ತಕ್ಕ ಔಷಧವನ್ನು ತಪ್ಪದೆ ಸೇವಿಸಿದ ಕೆಲವು ವಾರಗಳಲ್ಲಿಯೇ ಹರಡುವ ಶಕ್ತಿಯು ಬಹುಮಟ್ಟಿಗೆ ಕುಂದುತ್ತದೆ. ಬೇರೆಯಿಟ್ಟ ಲೋಟದಿಂದ ಯಾರಿಗೂ ರಕ್ಷಣೆಯಿಲ್ಲ. ಒಂದು ಜೀವದ ಮನಸ್ಸು ಮುರಿಯುವುದಷ್ಟೇ ಅದರ ಫಲ.

ಕೊನೆಯದಾಗಿ ಎರಡು ಮಾತು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ತಿಳಿಸಾರಿನಲ್ಲಿ ಅನ್ನ ಕಲಸಿಕೊಂಡು ಉಣ್ಣುವುದನ್ನೇ ಸದ್ಗುಣವೆಂದು ನಮ್ಮ ಮನೆಗಳ ಹೆಂಗಸರಿಗೆ ಕಲಿಸಲಾಗಿದೆ. ರೋಗಿಯ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತು, ಆ ಗಾಳಿಯನ್ನೇ ಉಸಿರಾಡುವವರು ಬಹುಶಃ ಅವರೇ. ಬೇಳೆಯ ಗಟ್ಟಿಯ ಪಾಲು ಮೊದಲು ಸಲ್ಲಬೇಕಾದವರಲ್ಲಿ ಅವರೂ ಸೇರಿದ್ದಾರೆ. ಎರಡನೆಯದು: ಬೆನ್ಸನ್ ಟೌನಿನಂಥ ಬಡಾವಣೆಗಳ ದೊಡ್ಡ ಮನೆಗಳಲ್ಲಿ ಕಸ ಮುಸುರೆ ಮಾಡುವವರೂ ಕಾರು ಓಡಿಸುವವರೂ ಬಾಗಿಲು ಕಾಯುವವರೂ ದಿನದ ಬಹುಭಾಗವನ್ನು ಕಳೆಯುತ್ತಾರೆ. ಅವರು ಮಧ್ಯಾಹ್ನ ಏನು ಉಂಡರೆಂದು ಕೇಳುವವರು ಎಷ್ಟು ಮಂದಿ? ಅವರ ಕೆಮ್ಮು ಎರಡು ವಾರ ದಾಟಿದಾಗ ಕೆಲಸದಿಂದ ಬಿಡಿಸುವುದು ಸುಲಭ. ಆಸ್ಪತ್ರೆಗೆ ಕಳುಹಿಸಿ, ಸಂಬಳ ಹಿಡಿಯದೆ, ಒಂದು ಹೊತ್ತಿನ ಒಳ್ಳೆಯ ಊಟವನ್ನಿಕ್ಕುವುದು ಧರ್ಮ. ಅದು ಕೇವಲ ಧರ್ಮವಲ್ಲ, ರೋಗವನ್ನು ತಡೆಯುವ ವಿದ್ಯೆಯೂ ಹೌದೆಂದು ಈಗ ಲೆಕ್ಕದಿಂದಲೇ ತಿಳಿದುಬಂದಿದೆ. ಮೂವತ್ತು ಮನೆಗಳ ಅನ್ನದಿಂದ ಒಂದು ಜೀವಕ್ಕೆ ರೋಗ ತಪ್ಪುವುದಾದರೆ, ಆ ಮೂವತ್ತರಲ್ಲಿ ನಮ್ಮ ಮನೆಯೂ ಒಂದಾಗಲಿ.