ಮಂಜುಗಡ್ಡೆ ನುಂಗುವ ಉಷ್ಣ

ಒಂದು ಪಾತ್ರೆಯಲ್ಲಿ ಪುಡಿಮಾಡಿದ ಮಂಜುಗಡ್ಡೆಯನ್ನು ತುಂಬಿ, ಉಷ್ಣಮಾಪಕವೊಂದನ್ನು ನಿಲ್ಲಿಸಿ, ಸಣ್ಣ ಉರಿಯ ಮೇಲಿಟ್ಟು ಕದಡುತ್ತಿರೋಣ. ಉರಿಯು ಎಡೆಬಿಡದೆ ಉಷ್ಣವನ್ನು ಕೊಡುತ್ತದೆ, ಗಡ್ಡೆಯೂ ಕರಗುತ್ತದೆ. ಆದರೆ ಉಷ್ಣಮಾಪಕ ಮಾತ್ರ 0 ಡಿಗ್ರಿ ಸೆಲ್ಸಿಯಸ್ ಗೆರೆಯನ್ನು ಬಿಟ್ಟು ಮೇಲೇರುವುದಿಲ್ಲ. ಕೊನೆಯ ಚೂರು ನೀರಾದ ಬಳಿಕವೇ ಅದು ಏರತೊಡಗುತ್ತದೆ. ಹಾಗಾದರೆ ಅಷ್ಟು ಹೊತ್ತು ಕೊಟ್ಟ ಉಷ್ಣವೆಲ್ಲ ಎಲ್ಲಿ ಹೋಯಿತು?

ಇದಕ್ಕೆ ಅಳತೆಯ ಮೂಲಕ ಉತ್ತರವನ್ನು ಹುಡುಕಿದವನು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್. 1761ರ ಸುಮಾರಿಗೆ ಅವನು ಒಂದೇ ಬಗೆಯ ಎರಡು ಗಾಜಿನ ಬುರುಡೆಗಳಲ್ಲಿ ಒಂದಕ್ಕೆ ಮಂಜುಗಡ್ಡೆಯನ್ನೂ, ಮತ್ತೊಂದಕ್ಕೆ ಅಷ್ಟೇ ತೂಕದ ತಣ್ಣೀರನ್ನೂ ತುಂಬಿ, ವಿಶಾಲವಾದ ಕೊಠಡಿಯೊಂದರಲ್ಲಿ ತೂಗುಹಾಕಿದನು. ನೀರು 33ರಿಂದ 40 ಡಿಗ್ರಿ ಫ್ಯಾರನ್‌ಹೀಟಿಗೆ ಏರಲು ಅರ್ಧ ಗಂಟೆ ಸಾಕಾಯಿತು. ಮಂಜುಗಡ್ಡೆ ಕರಗಿ ಅದೇ 40 ಡಿಗ್ರಿಯನ್ನು ಮುಟ್ಟಲು ಹತ್ತೂವರೆ ಗಂಟೆ ಬೇಕಾಯಿತು. ಎರಡಕ್ಕೂ ಉಷ್ಣ ದೊರೆಯುತ್ತಿದ್ದುದು ಅದೇ ಕೊಠಡಿಯ ಗಾಳಿಯಿಂದ. ಆದುದರಿಂದ, ಕರಗುವಾಗ ಉಷ್ಣಮಾಪಕಕ್ಕೆ ಗೋಚರಿಸದಂತೆ ಬಹಳಷ್ಟು ಉಷ್ಣ ಒಳಸೇರುತ್ತದೆ ಎಂದು ಅವನು ತೀರ್ಮಾನಿಸಿದನು. ಇದನ್ನೇ ನಾವು ಗುಪ್ತೋಷ್ಣ ಎನ್ನುತ್ತೇವೆ.

ಇದರ ಪ್ರಮಾಣ ಅಲ್ಪವಲ್ಲ. 1 ಗ್ರಾಂ ಮಂಜುಗಡ್ಡೆಯನ್ನು ಸೊನ್ನೆಗಿಂತ 10 ಡಿಗ್ರಿ ಕೆಳಗಿನಿಂದ ಸೊನ್ನೆಗೆ ತರಲು ಸುಮಾರು 5 ಕ್ಯಾಲರಿ ಸಾಕು. ಆದರೆ ಸೊನ್ನೆಯಲ್ಲಿಯೇ ಅದನ್ನು ನೀರಾಗಿಸಲು ಸುಮಾರು 80 ಕ್ಯಾಲರಿ ಬೇಕು. ಅಷ್ಟು ಉಷ್ಣದಿಂದ 1 ಗ್ರಾಂ ತಣ್ಣೀರನ್ನು 0ಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು!

ಈ ಉಷ್ಣ ಮಾಡುವ ಕೆಲಸವೇನು? ಮಂಜುಗಡ್ಡೆಯಲ್ಲಿ ನೀರಿನ ಪ್ರತಿಯೊಂದು ಅಣುವೂ ಸುತ್ತಲಿನ ನಾಲ್ಕು ಅಣುಗಳೊಡನೆ ಹೈಡ್ರೊಜನ್ ಬಂಧಗಳಿಂದ ಬೆಸೆದುಕೊಂಡಿರುತ್ತದೆ. ಹೀಗೆ ಆರು ಮೂಲೆಗಳ ಉಂಗುರಗಳಿಂದಾದ, ನಡುನಡುವೆ ಬರಿದಾದ ಹಂದರವೊಂದು ಏರ್ಪಟ್ಟಿರುತ್ತದೆ. ಉಷ್ಣತೆಯೆಂದರೆ ಅಣುಗಳ ಚಲನೆಯ ತೀವ್ರತೆಯ ಅಳತೆ. ಕರಗುವ ಹೊತ್ತಿನಲ್ಲಿ ಒಳಬಂದ ಉಷ್ಣವು ಈ ಚಲನೆಯನ್ನು ಹೆಚ್ಚಿಸದೆ, ಬಂಧಗಳಲ್ಲಿ ಒಂದು ಪಾಲನ್ನು ಬಿಡಿಸುವುದರಲ್ಲಿ ವ್ಯಯವಾಗುತ್ತದೆ. ಹಂದರ ಕುಸಿದಾಗ ಅಣುಗಳು ಬರಿದಾದ ಎಡೆಗಳಲ್ಲಿ ನುಸುಳಿ ಒತ್ತಾಗುತ್ತವೆ. ಆದ್ದರಿಂದಲೇ 1000 ಘನ ಸೆಂಟಿಮೀಟರು ಮಂಜುಗಡ್ಡೆ ಕರಗಿದರೆ ದೊರೆಯುವುದು ಸುಮಾರು 917 ಘನ ಸೆಂಟಿಮೀಟರು ನೀರು ಮಾತ್ರ. ಈ ಕುಗ್ಗುವಿಕೆ 4 ಡಿಗ್ರಿಯವರೆಗೂ ಅಲ್ಪಸ್ವಲ್ಪ ಮುಂದುವರಿಯುತ್ತದೆ.

ಗುಪ್ತೋಷ್ಣವೆಂಬುದು ಇರದಿದ್ದರೆ, ಬೆಚ್ಚನೆಯ ಬಿಸಿಲು ಬಿದ್ದೊಡನೆ ಬೆಟ್ಟಗಳ ಹಿಮವೆಲ್ಲ ಒಮ್ಮೆಗೇ ನೀರಾಗಿ, ತಡೆಯಲಾಗದ ಪ್ರವಾಹ ಬರುತ್ತಿತ್ತೆಂದು ಬ್ಲ್ಯಾಕ್ ತನ್ನ ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದನು. ಹಿಮಾಲಯದ ಹಿಮ ತಿಂಗಳುಗಟ್ಟಲೆ ನಿಧಾನವಾಗಿ ಕರಗಿ ಸಿಂಧೂ, ಗಂಗಾ ನದಿಗಳಿಗೆ ನೀರೂಡುವುದು ಈ 80 ಕ್ಯಾಲರಿಗಳ ಕೃಪೆಯಿಂದಲೇ.

ಆ ಉಷ್ಣ ಥಟ್ಟನೆ ದೊರೆತರೆ ಏನಾದೀತು? 2021ರ ಫೆಬ್ರವರಿ 7ರಂದು ಉತ್ತರಾಖಂಡದ ಚಮೋಲಿ ಜಿಲ್ಲೆಯ ರೊಂಟಿ ಶಿಖರದಿಂದ ಸುಮಾರು 2 ಕೋಟಿ 70 ಲಕ್ಷ ಘನಮೀಟರಿನಷ್ಟು ಬಂಡೆಯೂ ಮಂಜುಗಡ್ಡೆಯೂ ಕಳಚಿ, ಸುಮಾರು 1800 ಮೀಟರು ಕೆಳಗಿನ ಕಣಿವೆಗೆ ಉರುಳಿದವು. ಅದರಲ್ಲಿ ಬಂಡೆಯ ಪಾಲೇ ಹೆಚ್ಚು. ಬೀಳುವಾಗಲೂ ಕಣಿವೆಯಲ್ಲಿ ಉಜ್ಜುತ್ತ ಸಾಗುವಾಗಲೂ ಹುಟ್ಟಿದ ಉಷ್ಣವು ಬಹುಮಟ್ಟಿಗೆ ಎಲ್ಲ ಮಂಜುಗಡ್ಡೆಯನ್ನೂ ಕರಗಿಸಿತು. ನೀರು, ಕೆಸರು, ಕಲ್ಲುಗಳ ಆ ಪ್ರವಾಹಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಮಂದಿ ಮಡಿದರು ಅಥವಾ ಕಾಣೆಯಾದರು. ಎರಡು ಜಲವಿದ್ಯುತ್ ಯೋಜನೆಗಳು ಹಾಳಾದವು.

ಬಿಸಿಲು ದಿನದಿನವೂ ಕಂತುಗಳಲ್ಲಿ ಸಲ್ಲಿಸುವ ಉಷ್ಣವೇ ಅಲ್ಲಿ ಒಮ್ಮೆಗೇ ಸಂದಾಯವಾಯಿತು. ಕರಗುವಿಕೆಯ ನಿಧಾನವು ನಮಗೆಷ್ಟು ಅಗತ್ಯವೆಂಬುದನ್ನು ಅಳೆಯಲು ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.