ತಂತ್ರಾಂಶಗಳ ತಾರತಮ್ಯಪಟ

ಮುಕ್ತ ತಂತ್ರಾಂಶಯೋಜನೆಗಳ ಅಂಕಿಗಳನ್ನು ಸಂಗ್ರಹಿಸಿ, ಅವುಗಳ ಹೆಚ್ಚು ಕಡಿಮೆಯನ್ನು ಜಾಲಪುಟದಲ್ಲಿ ಪಟ್ಟೆಗಳ ರೂಪದಿಂದ ಕ್ರಮವಾಗಿ ತೋರಿಸುವ ಪದ್ಧತಿಯು ಈಗ ರೂಢವಾಗಿದೆ. ದ್ರವ್ಯಸಹಾಯವೂ ಸ್ವಯಂಸೇವಕರ ಶ್ರಮವೂ ಹಲವು ವೇಳೆ ಈ ಪಟದ ಮೇಲ್ಗಡೆಯಿರುವವರ ಕಡೆಗೇ ಹರಿಯುವುದರಿಂದ, ಇದರ ರಚನಾಕ್ರಮವು ವಿಚಾರಾರ್ಹವಾದುದು.

ತಾರತಮ್ಯವನ್ನು ಹೇಳುವ ಮೊದಲು ಅಳತೆ ಯಾವುದೆಂದು ಹೇಳಬೇಕು. ಬಳ್ಳಾರಿ ಜಿಲ್ಲೆಯ ಮೂರು ಊರುಗಳನ್ನೇ ನೋಡಬಹುದು. ಜನಸಂಖ್ಯೆಯಿಂದ ಎಣಿಸಿದರೆ ಬಳ್ಳಾರಿ ನಗರವೇ ಮೊದಲು; ತುಂಗಭದ್ರೆಯ ನೀರಿನಿಂದ ಬೆಳೆಯುವ ಬತ್ತವನ್ನು ಗಣಿಸಿದರೆ ಸಿರುಗುಪ್ಪದ ಹೆಸರು ಮುಂದೆ ಬರುವುದು; 12ನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಹಿರಿಮೆಯನ್ನು ನೋಡಿದರೆ ಕುರುಗೋಡಿಗೆ ಅಗ್ರಸ್ಥಾನ. ಪ್ರಾಚೀನತೆಯೊಂದೇ ಅಳತೆಯೆಂದು ಒಪ್ಪಿದರೂ, ಎಣಿಸತಕ್ಕದ್ದು ಊರನ್ನೋ ತಾಲೂಕನ್ನೋ ಎಂಬ ಪ್ರಶ್ನೆ ಏಳುತ್ತದೆ. ತಾಲೂಕೆಂದು ಹಿಡಿದರೆ, 1963-64ರಲ್ಲಿ ಉತ್ಖನನವಾದ ತೆಕ್ಕಲಕೋಟೆಯ ನವಶಿಲಾಯುಗದ ನೆಲೆಯು ಸಿರುಗುಪ್ಪದ ಲೆಕ್ಕಕ್ಕೂ, ಸಂಗನಕಲ್ಲಿನ ನೆಲೆಯು ಬಳ್ಳಾರಿಯ ಲೆಕ್ಕಕ್ಕೂ ಸೇರಿ ಗಣನೆಯನ್ನು ಮೊದಲಿನಿಂದ ಮಾಡಬೇಕಾಗುವುದು.

ತಂತ್ರಾಂಶಗಳ ಸ್ಥಿತಿಯೂ ಹೀಗೆಯೇ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರಚಿಸಿದ ಗಿಟ್ ಎಂಬ ವ್ಯವಸ್ಥೆಯು ಮೂಲಪಾಠದ ತಿದ್ದುಪಡಿಗಳನ್ನು ಕಾಲ ಮತ್ತು ಕರ್ತೃನಾಮಸಹಿತವಾಗಿ ದಾಖಲಿಸುತ್ತದೆ. ಇಂತಹ ಒಂದು ದಾಖಲೆಗೆ ಕಮಿಟ್ ಎಂದು ಹೆಸರು. (ಹಸ್ತಪ್ರತಿಗಳ ಪಾಠಾಂತರಗಳಲ್ಲಿ ಬಳಲಿದವರಿಗೆ ಇದರ ಸೌಕರ್ಯವನ್ನು ವಿವರಿಸಬೇಕಾಗಿಲ್ಲ.) ಕಮಿಟ್ಟುಗಳನ್ನು ಎಣಿಸುವುದು ಸುಲಭ, ಅದರಿಂದ ಯೋಗ್ಯತೆಯನ್ನು ಊಹಿಸುವುದು ಪ್ರಮಾದ. ಒಬ್ಬನು ದಿನದ ಕೆಲಸವನ್ನೆಲ್ಲ ಒಂದೇ ಕಮಿಟ್ಟಾಗಿ ಸೇರಿಸುವನು. ಮತ್ತೊಬ್ಬನು ಅಷ್ಟನ್ನೇ ಇಪ್ಪತ್ತಾಗಿ ಒಡೆಯುವನು. ಕೆಲವೆಡೆ ಬಾಟ್ ಎಂಬ ಸ್ವಯಂಚಾಲಿತ ತಂತ್ರಾಂಶಗಳೂ ತಿದ್ದುತ್ತವೆ. ಲೋಹಿತ್ ಕನ್ನಡದಂತಹ ಮುಕ್ತ ಅಕ್ಷರವಿನ್ಯಾಸವು ಒಮ್ಮೆ ಸ್ಥಿರವಾದ ಮೇಲೆ ಪದೇ ಪದೇ ತಿದ್ದುವ ಕಾರಣವಿಲ್ಲ. ಲಿನಕ್ಸ್ ಗಣಕಗಳಲ್ಲಿ ಕನ್ನಡವನ್ನು ಓದುವವರಿಗೆ ಅದರ ಉಪಕಾರವಾದರೋ ನಿತ್ಯದ್ದು. ಕಮಿಟ್ಟುಗಳ ಪಟದಲ್ಲಿ ಇಂತಹುದು ಕೆಳಗೆ ಬಿದ್ದು, ಪೋಷಕರ ಕಣ್ಣಿಗೆ ಮೃತಪ್ರಾಯವಾಗಿ ಕಾಣುವುದು.

ಪಟವನ್ನು ಸಿದ್ಧಪಡಿಸುವವರು ಅಂಕಿಗಳ ಸಂಗ್ರಹವನ್ನೂ ಚಿತ್ರಣವನ್ನೂ ಬೇರೆಬೇರೆಯಾಗಿಡತಕ್ಕದ್ದು. ಗಿಟ್‌ಹಬ್ ಭಂಡಾರವು ಟೋಕನ್ ಎಂಬ ಗುರುತುಚೀಟಿಯಿಲ್ಲದೆ ಕೇಳುವವರಿಗೆ ಗಂಟೆಗೆ 60 ಸಲ ಮಾತ್ರ ಉತ್ತರ ಕೊಡುತ್ತದೆ. ಚೀಟಿಯಿದ್ದರೆ ಸಾಮಾನ್ಯವಾಗಿ 5000 ಸಲ. ಆದಕಾರಣ ಪುಟವನ್ನು ತೆರೆದವರೆಲ್ಲರ ಪರವಾಗಿ ಭಂಡಾರದ ಬಾಗಿಲು ತಟ್ಟುವುದು ಅವಿವೇಕ. ದಿನಕ್ಕೊಮ್ಮೆ ಕೇಳಿ, ಉತ್ತರವನ್ನು ದಿನಾಂಕಸಹಿತವಾಗಿ ಕಡತದಲ್ಲಿಟ್ಟು, ಪುಟವು ಆ ಕಡತವನ್ನೇ ಓದುವಂತೆ ಏರ್ಪಡಿಸಬೇಕು. ಗುರುತುಚೀಟಿಯನ್ನು ಮಾತ್ರ ಪುಟದೊಳಗೆ ಬರೆದಿಡಬಾರದು. ಪುಟದ ಮೂಲವನ್ನು ಯಾರು ಬೇಕಾದರೂ ಓದಬಲ್ಲರು. ಹಳೆಯ ಕಡತಗಳನ್ನು ಅಳಿಸಲೂ ಬಾರದು. ಏರಿಳಿತದ ಚರಿತ್ರೆಯು ಅವುಗಳಲ್ಲಿಯೇ ಇರುವುದು.

ಚಿತ್ರಣಕ್ಕೆ 2011ರಲ್ಲಿ ಹೊರಬಂದ ಡಿ3 ಎಂಬ ಜಾವಾಸ್ಕ್ರಿಪ್ಟ್ ಸಾಧನವು ಸಾಕು. ಮೊದಲು ಮೂರು ಸಾಲುಗಳ ಕಡತವೊಂದರಿಂದ ಪರೀಕ್ಷಿಸಿದರೆ ತಪ್ಪುಗಳು ಬೇಗನೆ ತಿಳಿಯುವುವು. ಪಟ್ಟೆಗಳು ಸೊನ್ನೆಯಿಂದಲೇ ಹೊರಡಬೇಕು. 900ರಿಂದ ಹೊರಟರೆ 1000ದ ಪಟ್ಟೆಯು 950ರ ಪಟ್ಟೆಗೆ ಇಮ್ಮಡಿಯಾಗಿ ಕಾಣುವುದು. ಸಮಾನಾಂಕವುಳ್ಳವುಗಳಿಗೆ ಸಮಾನಸ್ಥಾನವನ್ನೇ ಕೊಡತಕ್ಕದ್ದು. ಕಮಿಟ್, ಕರ್ತೃಗಳ ಸಂಖ್ಯೆ, ಮೆಚ್ಚಿದವರು ಇತ್ತ ನಕ್ಷತ್ರಗಳು, ಇವುಗಳಲ್ಲಿ ಬೇಕಾದ ಅಳತೆಯನ್ನು ಓದುಗನೇ ಆರಿಸುವಂತೆ ಪಟದ ಮೇಲೆ ಅವಕಾಶವಿರಬೇಕು. ಆರಿಸಿದ ಅಳತೆಯ ಹೆಸರೂ, ಅಂಕಿಗಳನ್ನು ತಂದ ದಿನಾಂಕವೂ ಪಟ್ಟೆಗಳ ಪಕ್ಕದಲ್ಲಿಯೇ ಕಾಣುವಂತಿರಬೇಕು.