ಹಳೆಯ ಮೋಟಾರು: ದುರಸ್ತಿಯೋ, ವಿಸರ್ಜನೆಯೋ?

ಮೋಟಾರು ಗಾಡಿಯನ್ನು ಇಟ್ಟುಕೊಂಡವರೆಲ್ಲರಿಗೂ ಒಂದಿಲ್ಲೊಂದು ದಿನ ಎದುರಾಗುವ ಪ್ರಶ್ನೆಯೊಂದನ್ನು ಇಂದು ವಿಚಾರಮಾಡೋಣ. ಗಾಡಿ ಹಳೆಯದಾಗಿದೆ, ಮಾಡಿಸಬೇಕಾದ ರಿಪೇರಿಗಳು ವರ್ಷಗಳಿಂದ ಬಾಕಿ ಬಿದ್ದಿವೆ. ಈಗ ಹಣ ಹಾಕುವುದು ಯುಕ್ತವೇ, ಅಥವಾ ಬಂದ ಬೆಲೆಗೆ ಕೊಟ್ಟುಬಿಡುವುದು ಯುಕ್ತವೇ?

ಈ ಪ್ರಶ್ನೆ ನಮಗೆ ಬಂದುದು 2024ರ ಮಳೆಗಾಲದಲ್ಲಿ. ನಮ್ಮ ವಾಸ ಬೆಳಗಾವಿಯಲ್ಲಿ. ವೃದ್ಧೆಯಾದ ತಾಯಿಯವರು ಇರುವುದು ಸುಮಾರು 26 ಕಿಲೋಮೀಟರು ದೂರದ ಖಾನಾಪುರದಲ್ಲಿ. ಒಂದು ರಾತ್ರಿ ಅವರನ್ನು ವೈದ್ಯರಲ್ಲಿಗೆ ಕರೆತರುತ್ತಿದ್ದಾಗ, ಅಡ್ಡ ಬಂದ ಎಮ್ಮೆಯೊಂದನ್ನು ಕಂಡು ಬ್ರೇಕು ಒತ್ತಿದೆವು. ಪೆಡಲು ನೆಲದವರೆಗೆ ಇಳಿಯಿತು. ಗಾಡಿ ಎಮ್ಮೆಗೆ ಒಂದು ಮಾರು ಈಚೆಗೆ ನಿಂತಿತು. ಹಿಂದಿನ ಗಾಲಿಯ ಸಿಲಿಂಡರಿನಲ್ಲಿ ರಬ್ಬರು ಸವೆದು ಎಣ್ಣೆ ಸೋರಿಹೋಗಿತ್ತು. ಬ್ರೇಕಿನ ಕೊಳವೆಗಳನ್ನು ಎರಡು ಪ್ರತ್ಯೇಕ ವಿಭಾಗಗಳಾಗಿ ಏರ್ಪಡಿಸಿರುವುದರಿಂದ ಉಳಿದ ಒಂದು ವಿಭಾಗ ನಮ್ಮನ್ನು ಕಾಯಿತು. ತಪ್ಪು ಯಾರದೂ ಅಲ್ಲ, ನಮ್ಮದೇ. “ಮುಂದಿನ ತಿಂಗಳು ನೋಡೋಣ” ಎಂದು ನಾಲ್ಕು ವರ್ಷ ಕಳೆದಿದ್ದೆವು.

ಮಿಸ್ತ್ರಿಯು ಬರೆದುಕೊಟ್ಟ ಪಟ್ಟಿಯ ಮೊತ್ತ 66,000 ರೂಪಾಯಿ. ಗಾಡಿಯನ್ನು ಇದ್ದಂತೆಯೇ ಮಾರಿದರೆ 40,000 ಬರುವ ಸಂಭವ. “ಗಾಡಿಯ ಬೆಲೆಗಿಂತ ರಿಪೇರಿ ಹೆಚ್ಚಾಯಿತು, ಮಾರಿಬಿಡಿ” ಎಂದರು ಮಿತ್ರರು. ಬಹುಜನರು ಎಡವುವುದು ಇಲ್ಲಿಯೇ. ಮಾರುಕಟ್ಟೆಯ ಬೆಲೆಯು ಗಾಡಿಯಿಂದ ನಮಗೆ ಒದಗುವ ಸೇವೆಯ ಬೆಲೆಯಲ್ಲ. ಹೋಲಿಸಬೇಕಾದುದು ಇದನ್ನು ಇಟ್ಟುಕೊಂಡರೆ ಮುಂದೆ ವರ್ಷಕ್ಕೆ ಬೀಳುವ ಖರ್ಚನ್ನು, ಇದರ ಬದಲಿಗೆ ಬರುವ ಗಾಡಿಯ ವಾರ್ಷಿಕ ಖರ್ಚಿನೊಡನೆ. ಹಿಂದೆ ಸುರಿದ ಹಣವು ಈ ಲೆಕ್ಕದಲ್ಲಿ ಸೇರತಕ್ಕದ್ದಲ್ಲ.

ಲೆಕ್ಕಕ್ಕೆ ಮೊದಲು ಪಟ್ಟಿಯನ್ನು ಮೂರು ಭಾಗ ಮಾಡಬೇಕು. ಮೊದಲನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ಬ್ರೇಕು, ಟಯರು, ಸ್ಟೀರಿಂಗು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವವುಳ್ಳದ್ದು. ಡಾಟ್ 4 ಎಂಬ ದರ್ಜೆಯ ಹೊಸ ಎಣ್ಣೆಯು ಕನಿಷ್ಠಪಕ್ಷ 230 ಡಿಗ್ರಿ ಸೆಲ್ಸಿಯಸಿನವರೆಗೆ ಕುದಿಯಬಾರದು. ನೂರಕ್ಕೆ ಸುಮಾರು 3.7 ಪಾಲು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುವುದು. ಜಾಂಬೋಟಿ, ಕಣಕುಂಬಿಗಳನ್ನು ದಾಟಿ ಚೋರ್ಲಾ ಘಾಟಿಯನ್ನು ಇಳಿಯುವಾಗ ಎಣ್ಣೆ ಕುದಿದು ಆವಿಯಾದರೆ, ಒತ್ತಿದ ಪೆಡಲು ಆವಿಯನ್ನು ಮಾತ್ರ ಒತ್ತುವುದು.

ಎರಡನೆಯದು ಯಂತ್ರದ ಆಯುಸ್ಸಿಗೆ ಸಂಬಂಧಿಸಿದ್ದು: ಟೈಮಿಂಗ್ ಬೆಲ್ಟು, ನೀರಿನ ಪಂಪು. ಅನೇಕ ಇಂಜಿನುಗಳಲ್ಲಿ ಬೆಲ್ಟು ಹರಿದೊಡನೆ ಪಿಸ್ಟನ್ನು ವಾಲ್ವುಗಳಿಗೆ ಬಡಿದು, ಸಾವಿರಗಳಲ್ಲಿ ಮುಗಿಯುವ ಕೆಲಸವು ಇಂಜಿನ್ನನ್ನೇ ಬಿಚ್ಚುವ ಕೆಲಸವಾಗುವುದು. ಮೂರನೆಯದು ಕೇವಲ ಸುಖಕ್ಕೆ ಸಂಬಂಧಿಸಿದ್ದು. ನಮ್ಮ ಪಟ್ಟಿಯಲ್ಲಿ ಮೊದಲ ಭಾಗ 27,000, ಎರಡನೆಯದು 21,000, ತಂಪುಯಂತ್ರ 18,000. ಕಡೆಯದನ್ನು ಹೊಡೆದುಹಾಕಿದೆವು, ಉಳಿದದ್ದು 48,000.

ಆದರೆ ಇವೆಲ್ಲಕ್ಕೂ ಮುಂಚೆ ನೋಡಬೇಕಾದುದೊಂದಿದೆ: ತುಕ್ಕು. ಖಾನಾಪುರದ ಮಳೆ ಎಂಥದೆಂದು ಬಲ್ಲವರು ಬಲ್ಲರು. ಬಿಡಿಭಾಗಗಳನ್ನು ಬದಲಿಸಬಹುದು; ಇಂಜಿನ್ನನ್ನು ಹದಗೊಳಿಸಲು ಉದ್ಯಮಬಾಗದಂಥ ಕಡೆಗಳಲ್ಲಿ ಲೇತುಗಳೂ ನುರಿತ ಕೈಗಳೂ ಇವೆ. ಒಡಲೇ ತುಕ್ಕು ತಿಂದಿದ್ದರೆ ಬೇರೆ ರಿಪೇರಿಯೆಲ್ಲ ವ್ಯರ್ಥ. ಮಿಸ್ತ್ರಿಯು ಗಾಡಿಯನ್ನು ಮೇಲೆತ್ತಿ, ಬಾಗಿಲುಗಳ ಕೆಳಗೂ ಗಾಲಿಗಳ ಬುಡದಲ್ಲೂ ಸುತ್ತಿಗೆಯಿಂದ ಬಡಿದು, “ಹೊಟ್ಟಿ ಗಟ್ಟಿ ಐತ್ರಿ” ಎಂದ ಮೇಲೆಯೇ ನಾವು ಕಾಗದ ಕೈಗೆತ್ತಿಕೊಂಡೆವು.

ಗಾಡಿ 2009ರದು. 1988ರ ಮೋಟಾರು ವಾಹನಗಳ ಕಾಯಿದೆಯಂತೆ ಸ್ವಂತದ ಕಾರಿನ ನೋಂದಣಿಯು 15 ವರ್ಷ ನಡೆಯುವುದು. ಅನಂತರ ಪರೀಕ್ಷೆಗೆ ಒಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಕಾರಿಗೆ 600 ಇದ್ದ ನವೀಕರಣದ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ಆಯಿತು. ಆದುದರಿಂದ ಮೂರು ವರ್ಷದ ನಮ್ಮ ಅಂದಾಜು ಹೀಗೆ: ರಿಪೇರಿ 48,000, ಶುಲ್ಕ 5,000, ಗಾಡಿಯ ಬೆಲೆಯ ಇಳಿತ 20,000, ವರ್ಷಕ್ಕೆ 15,000ದಂತೆ ಪಾಲನೆ 45,000, ಒಟ್ಟು 1,18,000. ಇದರ ಬದಲು 3,20,000ಕ್ಕೆ ಏಳು ವರ್ಷದ ಗಾಡಿಯೊಂದನ್ನು ಕೊಂಡರೆ ಬೆಲೆಯ ಇಳಿತ 1,20,000, ಪಾಲನೆ 24,000, ಒಟ್ಟು 1,44,000. ಹೆಚ್ಚಿಗೆ ತೊಡಗಿಸುವ ಹಣದ ಬಡ್ಡಿ ಬೇರೆ.

ಬಡ್ಡಿಯನ್ನು ಬಿಟ್ಟರೆ ಅಂತರವು 26,000 ಮಾತ್ರ ಎಂಬುದನ್ನು ಗಮನಿಸಬೇಕು. ಅನಿರೀಕ್ಷಿತವಾದ ಒಂದು ದೊಡ್ಡ ರಿಪೇರಿ ಇದನ್ನು ನುಂಗಬಲ್ಲದು. ಹಾಗೇನಾದರೂ ಆದರೆ, ಕೊಟ್ಟ 48,000ದ ಮೋಹವನ್ನು ತೊರೆದು ಲೆಕ್ಕವನ್ನು ಹೊಸದಾಗಿ ಹೂಡತಕ್ಕದ್ದೆಂದು ಗಾಡಿಯ ಕಾಗದಗಳೊಡನೆಯೇ ಬರೆದಿಟ್ಟಿದ್ದೇವೆ. ನಾಲ್ಕು ವರ್ಷ ಮುಂದೂಡಿದವರಿಗೆ ತಮ್ಮ ನೆನಪಿನ ಮೇಲೆ ಭರವಸೆ ಸಲ್ಲದು.

ಕೊಡುವುದಾಗಲಿ ಉಳಿಸಿಕೊಳ್ಳುವುದಾಗಲಿ, ಅವರವರ ಲೆಕ್ಕಕ್ಕೆ ಬಿಟ್ಟದ್ದು. ಎರಡನ್ನೂ ಮಾಡದೆ, ಸೋರುವ ಬ್ರೇಕಿನೊಡನೆ ಓಡಿಸುತ್ತಲೇ ಇರುವುದಕ್ಕೆ ಮಾತ್ರ ಯಾವ ಲೆಕ್ಕವೂ ಒಪ್ಪದು. ರಿಪೇರಿಯಾದ ಮರುದಿನ ತಾಯಿಯವರನ್ನು ಕರೆತರಲು ಹೋದಾಗ ಅವರು ಗಾಡಿ ಹತ್ತುವ ಮುನ್ನ ಕೇಳಿದ್ದು ಒಂದೇ ಮಾತು: “ತಮ್ಮಾ, ಈಗರ ನಿಂದ್ರತೈತೇನಪಾ?” ನಿಲ್ಲುತ್ತದೆ ಎಂದು ನಾವು ಧೈರ್ಯವಾಗಿ ಹೇಳಿದೆವು.